ಲೋಟ ಸರಿಸಿದ ಮಧ್ಯಾಹ್ನ

ನೆನೆದ ಅವರೆಕಾಳನ್ನು ಹಿತುಕುತ್ತಲೇ ಗಂಗರತ್ನಮ್ಮ ಮೊಮ್ಮಗಳ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಸೋಮವಾರ ರಮ್ಯಳಿಗೆ ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಅಡಲ್ಟ್ ಹೆಲ್ತ್ ನರ್ಸಿಂಗ್ ಪರೀಕ್ಷೆ. ಪುಸ್ತಕ ಇಂಗ್ಲಿಷಿನದು, ಅಜ್ಜಿಗೆ ಅದರ ಒಂದಕ್ಷರವೂ ಬಾರದು. ಆದರೆ ಇಪ್ಪತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರಿಗೆ ಹುಡುಗಿ ಎಲ್ಲಿ ಹಾರಿಸಿದಳು ಎಂಬುದು ತಿಳಿಯದೆ ಇರುತ್ತದೆಯೇ? ಸಕ್ಕರೆ ಕಾಯಿಲೆಯವರ ಪಾದದ ಆರೈಕೆಯನ್ನು ರಮ್ಯ ಗಡಗಡ ಒಪ್ಪಿಸಿದಾಗ, ಬೆರಳ ಸಂದಿ ಒರೆಸುವುದನ್ನು ಬಿಟ್ಟೆಯಲ್ಲ ಎಂದು ಹಿಡಿದರು.

ಮುಂದಿನದು, ಮಲಗಿದಲ್ಲೇ ಇರುವವರಿಗೆ ಆಗುವ ಹುಣ್ಣು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬದಲಿಸಿದ್ದನ್ನು ಚಾರ್ಟಿನಲ್ಲಿ ಬರೆಯಬೇಕು ಎಂದಳು ರಮ್ಯ.

"ಬರಿಯಕ್ಕೇ ಬಾರ್ದೋರು ಏನ್ ಮಾಡ್ಬೇಕವ್ವ?"

"ಅದು ಸಿಲಬಸ್ಸಲ್ಲಿಲ್ಲ ಅಜ್ಜಿ."

ಅಜ್ಜಿ ನಕ್ಕರು. ಅವರ ವಾರ್ಡಿನಲ್ಲಿ ಅದಕ್ಕೆ ಲೋಟವಿತ್ತು. ಆಗ ಅಕ್ಷರ ಬಾರದಿದ್ದ ಇವರು ರೋಗಿಯನ್ನು ಯಾವ ಮಗ್ಗುಲಿಗೆ ತಿರುಗಿಸಿದರೋ ಆ ಕಡೆಯ ಸ್ಟೂಲಿಗೆ ರೋಗಿಯ ಸ್ಟೀಲ್ ಲೋಟ ಹೋಗಬೇಕು. ಅಕ್ಬರಿ ಸಿಸ್ಟರು ಬಾಗಿಲಲ್ಲೇ ನಿಂತು ಹನ್ನೆರಡು ಲೋಟ ನೋಡಿ ಹನ್ನೆರಡು ಚಾರ್ಟು ತುಂಬುತ್ತಿದ್ದರು. ಆಮೇಲೆ ತಮ್ಮ ಟೀಯಲ್ಲಿ ಅರ್ಧ ಗಂಗರತ್ನಮ್ಮನವರ ಲೋಟಕ್ಕೆ ಬಗ್ಗಿಸುತ್ತಿದ್ದರು. ಫಿನಾಯಿಲ್ ವಾಸನೆಯ ನಡುವೆ ಕುಡಿದ ಆ ಟೀಯ ರುಚಿ ಮತ್ತೆಲ್ಲೂ ಸಿಕ್ಕಿಲ್ಲ.

ಅಷ್ಟು ಹೇಳಿ ಮತ್ತೆ ಅವರೆಕಾಳಿಗೆ ಕೈ ಹಾಕಿದರು. ರಮ್ಯ ಕೆದಕಿದ ಮೇಲೆ ಉಳಿದದ್ದೂ ಬಂತು. ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊರುವಾಗ ಸೊಂಟ ಮುರಿದುಕೊಂಡ ಕಾಡಪ್ಪ, ನೋವು ತಾಳದೆ, ಇವತ್ತೊಂದಿನ ಮುಟ್ಟಬೇಡಕ್ಕ ಎಂದು ಕೈಮುಗಿದಿದ್ದ. ಗಂಗರತ್ನಮ್ಮ ಮುಟ್ಟಲಿಲ್ಲ. ಲೋಟವನ್ನು ಮಾತ್ರ ಮೂರು ಸಲ ಸರಿಸಿದರು. ಮರುದಿನ ಅವನ ಬೆನ್ನಿನ ಕೆಳಗೆ ಚರ್ಮ ಕಪ್ಪಿಟ್ಟಿತ್ತು. ಸುಳ್ಳು ಚಾರ್ಟು ಬರೆದಿದ್ದೀಯ ಎಂದು ದೊಡ್ಡ ಡಾಕ್ಟರು ಎಲ್ಲರೆದುರು ಸಿಸ್ಟರನ್ನು ಬೈದರು. ಆ ವರ್ಷ ಸಿಗಬೇಕಿದ್ದ ಬಡ್ತಿಯೂ ತಪ್ಪಿತು. ಸಿಸ್ಟರು ಯಾರ ಹೆಸರನ್ನೂ ಎತ್ತಲಿಲ್ಲ. ಇವರಿಗೆ ಹೇಳಿದ್ದು ಒಂದೇ ಮಾತು: "ರಾತ್ರಿ ಶಾಲೆಗೆ ಸೇರ್ಕೊ ಗಂಗಾ. ಇನ್ಮೇಲೆ ನೀನೇ ಬರಿ."

ಸೇರಿದರು, ಕಲಿತರು. ಮೊದಲು ಬರೆದ ಕಾಗದವೇ ಸಿಸ್ಟರಿಗೆ, ಲೋಟ ಸರಿಸಿದ್ದನ್ನು ಒಪ್ಪಿಕೊಂಡು. ಅದು ಅಂಚೆಗೆ ಬೀಳದೆ ಬೀರುವಿನ ಸೀರೆಯ ಮಡಿಕೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದೆ. ಪ್ರತಿ ರಂಜಾನಿಗೂ ಆರ್.ಟಿ. ನಗರದಿಂದ ಸಿಸ್ಟರ ಶಾವಿಗೆ ಬರುತ್ತದೆ, ಪ್ರತಿ ಸಲವೂ ಇವರು ಅದನ್ನು ರಮ್ಯಳ ತಟ್ಟೆಗೇ ಹಾಕಿಬಿಡುತ್ತಾರೆ.

ರಮ್ಯ ಪುಸ್ತಕ ಮಡಚಿದಳು. "ಮಾಡ್ದೇ ಇರೋದನ್ನ ಮಾಡಿದ್ದೀನಿ ಅಂತ ತೋರಿಸ್ಬಾರ್ದು ಅಜ್ಜಿ. ಇದು ಸಿಲಬಸ್ಸಲ್ಲಿದೆ." ಸ್ವಲ್ಪ ತಡೆದು, "ಸಿಸ್ಟರ್ ಮನೆಗೆ ಗಾಡೀಲಿ ಕರ್ಕೊಂಡು ಹೋಗ್ಲಾ? ಅರ್ಧ ಗಂಟೆ ದಾರಿ" ಎಂದಳು.

"ಎದುರಿಗೆ ಕೂತ್ರೆ ಬಿಡು ಗಂಗಾ ಅಂತಾರೆ, ನಾನೂ ಬಿಟ್ಬಿಡ್ತೀನಿ. ಕಾಗ್ದ ಆದ್ರೆ ಪೂರ್ತಿ ಓದ್ಲೇಬೇಕು ಕಣವ್ವ."

ಕೈ ತೊಳೆದು ಬಂದು ಕಾಗದ ಬಿಚ್ಚಿದರು. ಎಲ್ಲವೂ ಇತ್ತು, ಕೆಳಗೆ ಹೆಸರೊಂದೇ ಇರಲಿಲ್ಲ. ಅಂದು ಅಷ್ಟು ಧೈರ್ಯ ಬಂದಿರಲಿಲ್ಲ. ಮೊಮ್ಮಗಳ ಪೆನ್ನು ತೆಗೆದುಕೊಂಡು, ದುಂಡಗೆ, ನಿಧಾನವಾಗಿ ಬರೆದರು: ಗಂಗರತ್ನಮ್ಮ, ಆಯಾ, ಗಂಡಸರ ವಾರ್ಡು.

ಅವರೆಕಾಳು ಅರ್ಧಕ್ಕೇ ಉಳಿಯಿತು. ಕಾಗದವನ್ನು ಲಕೋಟೆಗೆ ಹಾಕಿ ಅಂಚೆಚೀಟಿ ಅಂಟಿಸಿ, ಜಕ್ಕೂರಿನ ಅಂಚೆ ಡಬ್ಬಿಯವರೆಗೂ ಇಬ್ಬರೂ ನಡೆದೇ ಹೋದರು. ಕಾಗದ ಒಳಗೆ ಬಿದ್ದ ಸದ್ದು ಕೇಳಿದ ಮೇಲೆಯೇ ಗಂಗರತ್ನಮ್ಮ ಡಬ್ಬಿಯ ಬಾಯಿಂದ ಕೈ ತೆಗೆದರು.