ಚುಕ್ಕಿ ಇಲ್ಲದ ಐವತ್ತು

ಮನೆಯ ಕೆಳಗಿನ ವರ್ಕ್‌ಶಾಪಿನಲ್ಲಿ ಒಂದು ಕಾಲಕ್ಕೆ ದೊಡ್ಡ ಸೊಸೆಯ ಕೈಗೆ ಎದುರೇ ಇರಲಿಲ್ಲ. ಗಂಡನೂ ಮೈದುನನೂ ಆರ್ಡರು ಹಿಡಿಯಲು ಊರೂರು ತಿರುಗುತ್ತಿದ್ದರೆ, ಅವಳು ಹಳೆಯ ಲೇತಿನ ಮುಂದೆ ನಿಂತು ಪಂಪಿನ ಶಾಫ್ಟು ಕಡೆಯುತ್ತಿದ್ದಳು. ಮಾವ ಬಾಯಿಬಿಟ್ಟು ಹೊಗಳುವ ಜಾತಿಯವರಲ್ಲ. ಕೆಲಸ ಹಿಡಿಸಿದರೆ ಉಗುರಿನಿಂದ ಶಾಫ್ಟನ್ನು ಟಣ್ ಎನಿಸಿ ಮುಂದೆ ಹೋಗುತ್ತಿದ್ದರು. ಆ ಟಣ್ ಕೇಳಿದ ದಿನ ಅವಳಿಗೆ ಊಟ ಎರಡು ತುತ್ತು ಹೆಚ್ಚಿಗೆ ಸೇರುತ್ತಿತ್ತು.

ಆಮೇಲೆ ಒಂದೇ ವರ್ಷದಲ್ಲಿ ಮನೆಗೆ ಕಂಪ್ಯೂಟರಿನಿಂದ ಓಡುವ ಸಿಎನ್‌ಸಿ ಮಷೀನೂ ಬಂತು, ಅದನ್ನು ಓಡಿಸಲು ಕಲಿತಿದ್ದ ಚಿಕ್ಕ ಸೊಸೆಯೂ ಬಂದಳು. ದೊಡ್ಡವಳ ಪಾಲಿಗೆ ಎರಡೂ ಸೇರಿ ಒಂದೇ ಪೀಡೆ. ಅಳತೆಗಳನ್ನು ಒತ್ತಿ, ಅದರ ಗಾಜಿನ ಬಾಗಿಲು ಮುಚ್ಚಿ, ಗುಂಡಿ ಅದುಮಿದರೆ ಆಯಿತು, ಮಷೀನು ತಾನೇ ಕಡೆಯುತ್ತದೆ. ಇವಳು ಬೆವರು ಸುರಿಸಿ ಇಡೀ ದಿನ ಮಾಡುತ್ತಿದ್ದದ್ದನ್ನು ಅವಳು ಸೀರೆಯ ನೆರಿಗೆ ಕೆಡದ ಹಾಗೆ ಮಧ್ಯಾಹ್ನದೊಳಗೆ ಮುಗಿಸುತ್ತಿದ್ದಳು. ಟಣ್ ಎನ್ನುವ ಸದ್ದು ಈಗ ಹೊಸ ಮಷೀನಿನ ಮೂಲೆಯಿಂದ ಬರತೊಡಗಿತು.

ಆ ಮಷೀನಿಗೆ ಒಂದು ಹಠವಿತ್ತು. ಅಂಕಿಯ ಕೊನೆಗೆ ಚುಕ್ಕಿ ಒತ್ತಲೇಬೇಕು. ಐವತ್ತು ಒತ್ತಿ ಚುಕ್ಕಿ ಇಟ್ಟರೆ ಐವತ್ತು ಮಿಲಿಮೀಟರು. ಚುಕ್ಕಿ ಮರೆತರೆ ಅದೇ ಐವತ್ತನ್ನು ಕೂದಲೆಳೆಯಷ್ಟು ಎಂದು ತಿಳಿದು, ಕಡೆಯುವ ಟೂಲನ್ನು ಸೀದಾ ಶಾಫ್ಟಿನ ಮೈಗೆ ನುಗ್ಗಿಸುತ್ತದೆ. ಹಾಗಾಗಿ ನಕ್ಷೆ ನೋಡಿ ಒಬ್ಬರು ಓದುವುದು, ಇನ್ನೊಬ್ಬರು ಕೇಳಿದ್ದನ್ನು ಕೇಳಿದ ಹಾಗೆ ಒತ್ತುವುದು ಎಂದು ಮಾವ ಕಟ್ಟಳೆ ಮಾಡಿದ್ದರು. ಓದುವವರು ಚುಕ್ಕಿಯನ್ನೂ ಬಾಯಿಬಿಟ್ಟು ಹೇಳಬೇಕು. ಓದುವ ಕೆಲಸ ದೊಡ್ಡವಳ ಕೊರಳಿಗೆ ಬಿತ್ತು.

ಅದನ್ನೂ ಹೇಗೋ ಸಹಿಸಬಹುದಿತ್ತು. ಆದರೆ ಚಿಕ್ಕವಳು ಒಂದು ಚುಕ್ಕಿಯನ್ನೂ ಬಿಡದೆ ಒತ್ತುವುದನ್ನು ಕಂಡು ಮಾವ ಒಮ್ಮೆ ನಗುತ್ತಾ ಅವಳನ್ನೇ ಚುಕ್ಕಿ ಎಂದು ಕರೆದುಬಿಟ್ಟರು. ಹೆಸರು ಅಂಟಿತು. ಚುಕ್ಕಿ ಟೀ ಕುಡಿದಳಾ, ಚುಕ್ಕಿಗೆ ಫ್ಯಾನು ಹಾಕಿ, ಎಲ್ಲದಕ್ಕೂ ಚುಕ್ಕಿ. ದೊಡ್ಡವಳು ಇಷ್ಟು ವರ್ಷ ಬರೀ ದೊಡ್ಡವಳಾಗಿಯೇ ಇದ್ದಳು, ಅವಳಿಗೊಂದು ಮುದ್ದಿನ ಹೆಸರು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಈಗ ಪ್ರತಿ ಅಂಕಿಯ ಬಾಲಕ್ಕೂ ವಾರಗಿತ್ತಿಯ ಮುದ್ದಿನ ಹೆಸರನ್ನು ತನ್ನ ಬಾಯಿಂದಲೇ ಕಟ್ಟಬೇಕು. ಮೂವತ್ತೆರಡು ಚುಕ್ಕಿ. ನಲವತ್ತು ಚುಕ್ಕಿ. ಹೊಟ್ಟೆ ಉರಿಯುವುದಕ್ಕೆ ಇನ್ನೇನು ಬೇಕು?

ಒಂದು ಬೆಳಿಗ್ಗೆ ಮಾವ ಹಳೆಯ ಲೇತನ್ನು ಸುತ್ತಿ ನೋಡಿ, ಸುಮ್ಮನೆ ಜಾಗ ತಿನ್ನುತ್ತಿದೆ, ಮಾರಿಬಿಡೋಣ ಎಂದರು. ದೊಡ್ಡವಳ ಮುಖ ನೋಡಿ ಸಮಾಧಾನಕ್ಕೆಂದು ಒಂದು ಮಾತನ್ನೂ ಸೇರಿಸಿದರು.

"ನಿನಗೇನಮ್ಮ, ಓದೋದಕ್ಕೆ ಇದ್ದೀಯಲ್ಲ."

ಗಾಯಕ್ಕೆ ಉಪ್ಪು ಸವರಿದಂತಾಯಿತು. ಅದೇ ಉರಿಯಲ್ಲಿ ಅವಳು ನಕ್ಷೆ ಹಿಡಿದು ಹೊಸ ಶಾಫ್ಟಿನ ಅಳತೆ ಓದಲು ನಿಂತಳು. ಮೊದಲ ಕೆಲವು ಸರಿಯಾಗಿಯೇ ಬಂದವು. ಐವತ್ತರ ಹತ್ತಿರ ಬಂದಾಗ ಆ ಹೆಸರು ಗಂಟಲಲ್ಲೇ ನಿಂತಿತು.

"ಐವತ್ತು," ಎಂದು ಬಾಯಿ ಮುಚ್ಚಿದಳು.

ಚಿಕ್ಕವಳ ಬೆರಳು ಗುಂಡಿಗಳ ಮೇಲೆ ಅರೆಕ್ಷಣ ತಡೆಯಿತು. ಆಮೇಲೆ ಕೇಳಿದ ಹಾಗೆಯೇ ಒತ್ತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ನುಂಗಿದ ಮಾತಿನ ಬಗ್ಗೆ ಗಾದೆ ಕಟ್ಟಿದವರು ಯೋಚಿಸಿದ ಹಾಗಿಲ್ಲ. ಈಗಲೂ ಹೇಳಬಹುದಿತ್ತು, ಅಯ್ಯೋ ಚುಕ್ಕಿ ಬಿಟ್ಟೆ ಎಂದು. ದೊಡ್ಡವಳು ಮುಂದಿನ ಅಂಕಿ ಓದಿದಳು.

ಎಲ್ಲ ಮುಗಿದ ಮೇಲೆ ಚಿಕ್ಕವಳು ಕೇಳಿದಳು, "ಅಕ್ಕಾ, ಶಾಫ್ಟ್ ಹಾಕದೆ ಒಂದ್ಸಲ ಖಾಲಿ ಓಡಿಸಿ ನೋಡೋಣ್ವಾ?"

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

ಚಿಕ್ಕವಳು ತಲೆ ತಗ್ಗಿಸಿ ಶಾಫ್ಟು ಹಾಕಿ, ಬಾಗಿಲು ಮುಚ್ಚಿ ಗುಂಡಿ ಅದುಮಿದಳು.

ಮೊದಲು ಎಂದಿನ ಗುಂಯ್. ಆಮೇಲೆ ಇಡೀ ಶೆಡ್ಡು ಅದುರುವಂಥ ಸದ್ದು. ಟೂಲು ಮುರಿದು ಬಾಗಿಲಿನ ಗಾಜಿಗೆ ಬಡಿಯಿತು, ಶಾಫ್ಟು ಸೊಟ್ಟಗಾಯಿತು, ಮಷೀನು ಕೆಂಪು ದೀಪ ಹೊತ್ತಿಸಿಕೊಂಡು ನಿಂತುಬಿಟ್ಟಿತು. ಗಾಜು ಬಿರುಕು ಬಿಟ್ಟು ಹಾಗೇ ತಡೆಯಿತು. ಅದರ ಎದುರಿಗೇ ಚಿಕ್ಕವಳ ಮುಖವಿತ್ತು ಎನ್ನುವುದು ದೊಡ್ಡವಳಿಗೆ ಆಗ ಹೊಳೆಯಿತು.

ಮಾವ ಓಡಿಬಂದರು. ಇಬ್ಬರಿಗೂ ಏನೂ ಆಗಿಲ್ಲವೆಂದು ನೋಡಿಕೊಂಡು, ಪರದೆಯ ಮೇಲಿನ ಸಾಲುಗಳ ಮೇಲೆ ಬೆರಳಾಡಿಸಿ ಐವತ್ತರ ಮೇಲೆ ನಿಲ್ಲಿಸಿದರು. ಓದಿದ್ದು ಹೇಗೆ ಎಂದು ದೊಡ್ಡವಳ ಕಡೆ ತಿರುಗಿದರು.

"ಅಕ್ಕ ಸರಿಯಾಗೇ ಹೇಳಿದ್ರು ಮಾವ," ಎಂದಳು ಚಿಕ್ಕವಳು. "ನಾನೇ ಒತ್ತಲಿಲ್ಲ."

ಬಯ್ದಿದ್ದರೆ ದೊಡ್ಡವಳು ತಡೆದುಕೊಳ್ಳುತ್ತಿದ್ದಳು, ತಿರುಗಿ ಬಯ್ಯುತ್ತಲೂ ಇದ್ದಳು. ಈ ಒಂದು ಮಾತಿನಲ್ಲಿ ಚಿಕ್ಕವಳು ಒಳ್ಳೆಯತನದಲ್ಲೂ ಅವಳನ್ನು ಹಿಂದೆ ಹಾಕಿದ್ದಳು. ಹೊಟ್ಟೆಕಿಚ್ಚಿಗೆ ಇನ್ನೊಂದು ಕೊಳ್ಳಿ ಸಿಕ್ಕಿತು. ನಾನೇ ಬಿಟ್ಟೆ ಎಂದು ಹೇಳುವ ಬದಲು ಮುರಿದ ಟೂಲಿನ ಚೂರು ಹೆಕ್ಕತೊಡಗಿದಳು.

ರಿಪೇರಿ ಮುಗಿದ ಮೇಲೆ ಮಾವ ಜಾಗ ಬದಲಾಯಿಸಿದರು. ಮಷೀನಿಗೆ ದೊಡ್ಡವಳು, ನಕ್ಷೆಗೆ ಚಿಕ್ಕವಳು. ಒತ್ತುವುದನ್ನು ಚಿಕ್ಕವಳೇ ಅವಳಿಗೆ ಕಲಿಸಿಕೊಟ್ಟಳು. ಮುದ್ದಿನ ಹೆಸರೂ ತಾನಾಗಿಯೇ ಉದುರಿತು, ಮಾವ ಅವಳನ್ನೀಗ ಚಿಕ್ಕವಳೇ ಎಂದಷ್ಟೇ ಕರೆಯುತ್ತಾರೆ. ಟಣ್ ಸದ್ದು ದೊಡ್ಡವಳ ಪಾಲಿಗೆ ವಾಪಸು ಬಂದಿದೆ. ಊಟ ಮಾತ್ರ ಸೇರುವುದಿಲ್ಲ.

ಚಿಕ್ಕವಳು ನಿಧಾನವಾಗಿ, ಬಿಡಿಸಿ ಓದುತ್ತಾಳೆ. ದೊಡ್ಡವಳು ಕಣ್ಣೆತ್ತುವುದಿಲ್ಲ. ಒಂದೇ ಒಂದು ಸಲ ಇವಳೂ ನುಂಗಲಿ, ಆಗ ನಾವಿಬ್ಬರೂ ಸರಿಸಮ ಎಂದು ಬೆರಳನ್ನು ಗುಂಡಿಯ ಮೇಲೆ ಹಾಗೇ ಹಿಡಿದು ಕಾಯುತ್ತಾಳೆ.

"ಐವತ್ತು," ಎನ್ನುತ್ತಾಳೆ ಚಿಕ್ಕವಳು. ಉಸಿರು ತೆಗೆದುಕೊಂಡು, "ಚುಕ್ಕಿ," ಎನ್ನುತ್ತಾಳೆ.