ಪರಸಿ ಕಲ್ಲಿನ ಮೇಲೆ ಮಂಗಳೂರು

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ, ಶಿಕ್ಷಕರ ಸಮ್ಮೇಳನ ಮಂಗಳೂರಿನಲ್ಲಿ ನಡೆಯುವುದೆಂದು ತಿಳಿದಾಗ ಶಹಾಬಾದದ ಒಂದು ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಲತೀಫಾ ಟೀಚರ್. ಅವರು ಹುಟ್ಟಿದ್ದು ಮಂಗಳೂರಿನ ಬಂದರಿನ ಒಂದು ಓಣಿಯಲ್ಲಿ. ವಾಡಿಯ ರೈಲ್ವೆ ಗಾರ್ಡ್ ಅಮೀರ್ ಅಲಿಯವರನ್ನು ಮದುವೆಯಾಗಿ ಈ ಕಲ್ಲಿನ ಸೀಮೆಗೆ ಬಂದರು. ಗಂಡ ತೀರಿಕೊಂಡ ಮೇಲೆ ನೌಕರಿಗಾಗಿ ಉಳಿದರು. ತಾಯಿಯಿಂದ ಕಲಿತ ಬ್ಯಾರಿ ಮಾತನ್ನು ಆಡಲು ಇಲ್ಲಿ ಒಬ್ಬರೂ ಇರಲಿಲ್ಲ. ಅಕ್ಕಿ ತೊಳೆಯುವಾಗ ತಮಗೆ ತಾವೇ ಆಡಿಕೊಳ್ಳುತ್ತಿದ್ದರು.

ಪ್ರತಿನಿಧಿಗಳಲ್ಲಿ ಅವರೂ ಒಬ್ಬರೆಂದು ಮುಖ್ಯೋಪಾಧ್ಯಾಯ ಹಣಮಂತರಾಯರು ಮಾತು ಕೊಟ್ಟಿದ್ದರು. ಹೊರಡುವ ಮುನ್ನ ಎಲ್ಲರಿಗೂ ಆ ಹಳೆಯ ರೇವುಪಟ್ಟಣದ ಪರಿಚಯ ಮಾಡಿಕೊಡಲು ಅವರನ್ನೇ ಕರೆದರು.

ಶಹಾಬಾದದಲ್ಲಿ ಮನೆ ಕಟ್ಟುವ ಗವಂಡಿಗಳು ಅದರ ನಕ್ಷೆಯನ್ನು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಮೇಲೆ ಒದ್ದೆ ಬೆರಳಿನಿಂದ ಬರೆದು ತೋರಿಸುತ್ತಾರೆ. ಒದ್ದೆಯಾದ ಕಲ್ಲು ಕಪ್ಪಾಗಿ ಗೆರೆ ಎದ್ದು ಕಾಣುತ್ತದೆ. ಲತೀಫಾ ತಂಬಿಗೆಯಲ್ಲಿ ನೀರಿಟ್ಟುಕೊಂಡು ಹಾಗೆಯೇ ವರಾಂಡದ ಪರಸಿ ನೆಲದ ಮೇಲೆ ಬರೆಯತೊಡಗಿದರು. ಪ್ರತಿನಿಧಿಗಳು ಸುತ್ತ ಕುಳಿತರು.

“ಇದು ನೇತ್ರಾವತಿ, ಇದು ಗುರುಪುರ ಹೊಳಿ. ಎರಡೂ ಇಲ್ಲಿ ಕೂಡಿ ಸಮುದ್ರಕ್ಕ ಹೋಗ್ತಾವ. ಹೊಳಿ ದಂಡಿಗೆ ಹಡಗ ನಿಲ್ಲೂ ಧಕ್ಕೆ. ಹಂಚು ತುಂಬಿದ ಮಂಜಿ ಹಡಗ ಇಲ್ಲಿಂದ ಸಮುದ್ರದಾಗಿನ ದ್ವೀಪಗೋಳಿಗೆ ಹೊಂಡ್ತಾವ.”

“ಅಲ್ಲಿ ಜ್ವಾಳದ ರೊಟ್ಟಿ ಸಿಗ್ತಾವೇನ್ರಿ?” ಎಂದರು ಡ್ರಿಲ್ ಮಾಸ್ತರ ಕಾಶಪ್ಪ.

“ಇಲ್ರಿ.”

“ಹಂಗಾರ ಅದೆಂಥ ಇತಿಹಾಸದ ಊರ್ರಿ!”

ಎಲ್ಲರೂ ನಕ್ಕರು. ಲತೀಫಾ ಕೂಡ ನಕ್ಕರು. “ನಾವು ವಾಡಿಯಾಗ ಗಾಡಿ ಹತ್ತೂಮುಂದ ನಾ ರೊಟ್ಟಿ ಗಂಟು ತರ್ತೀನಿ, ಅಂಜಬ್ಯಾಡ್ರಿ.”

ಹಣಮಂತರಾಯರು ಕೆಮ್ಮಿದರು. “ಬಾಯಾರ, ನಿಮ್ಮ ಜಾಗಾಕ್ಕ ಕಾಶಪ್ಪಗ ಹಾಕೀವಿ. ನೀವು ಆ ಊರು ನೋಡಿದವ್ರೇ ಇದ್ದೀರಿ. ನೋಡಿದ್ದನ್ನ ಮತ್ತೇನ್ ನೋಡ್ತೀರಿ? ಸಮುದ್ರ ಕಾಣದಂವ ಕಾಣ್ಲಿ.”

ಕುಳಿತವರಿಗೆ ಅದು ನ್ಯಾಯವೆಂದೇ ತೋರಿತು. ಅನ್ಯಾಯ ಬರಿಮೈಯಲ್ಲಿ ಬಂದರೆ ಯಾರಾದರೂ ಗುರುತಿಸುತ್ತಾರೆ. ಅದು ಔದಾರ್ಯದ ಅಂಗಿ ತೊಟ್ಟು ಬಂದಾಗ ಮಕ್ಕಳಿಗೆ ನೀತಿ ಬೋಧಿಸುವವರೇ ಎದ್ದು ಅದಕ್ಕೆ ಕುರ್ಚಿ ಕೊಡುತ್ತಾರೆ.

“ಸರ್, ನೀವು ಸೇಡಮಿನವರು,” ಎಂದರು ಲತೀಫಾ. “ಸೇಡಂ ನೋಡೇ ನೋಡೀರಿ. ಮತ್ತ ಪ್ರತಿ ಪಂಚಮಿಗೆ ಯಾಕ ಹೋಗ್ತೀರಿ?”

“ಅದು ಬ್ಯಾರೆ ಅದರಿ. ಅದು ನಮ್ಮೂರು.”

ತಾವೇ ಆಡಿದ ಮಾತು ಹಣಮಂತರಾಯರಿಗೆ ಕೇಳಿಸಿತೋ ಇಲ್ಲವೋ. “ಮುಂದ ಹೇಳ್ರಿ ಬಾಯಾರ, ನೀರು ಆರ್ಲಿಕತ್ತದ,” ಎಂದರು.

ಲತೀಫಾ ಮುಂದೆ ಹೇಳಿದರು. ಒಪ್ಪಿಕೊಂಡ ಪಾಠವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ಅವರಿಗಿರಲಿಲ್ಲ. ಸುಂಕದ ಕಟ್ಟೆ, ಮೆಣಸಿನ ಮಂಡಿ, ಹಂಚಿನ ಗೋದಾಮು, ದೀಪಸ್ತಂಭದ ಗುಡ್ಡ. ಗೋದಾಮಿನ ಹಿಂದಿನ ಖಾಲಿ ಜಾಗಕ್ಕೆ ಕಾಶಪ್ಪ ಬೆರಳು ಮಾಡಿದರು. “ಇಲ್ಲೇನದರಿ?”

“ನೋಡುವಂಥಾದ್ದು ಏನಿಲ್ರಿ. ಮನಿಗೋಳು.”

ಅವರೆಲ್ಲ ಎದ್ದು ಹೋದರು. ಲತೀಫಾ ಬೆರಳನ್ನು ನೀರಿಗೆ ಅದ್ದಿ, ಆ ಖಾಲಿ ಜಾಗದಲ್ಲಿ ಒಂದು ಓಣಿ ಎಳೆದರು; ಅದರ ಕೊನೆಗೊಂದು ಬಾವಿ. ಒಂದೊಂದು ಬಾಗಿಲನ್ನು ಮುಟ್ಟಿ, ತಮ್ಮ ಬ್ಯಾರಿ ಮಾತಿನಲ್ಲಿ, ಅಲ್ಲಿದ್ದವರನ್ನು ಹೆಸರು ಹಿಡಿದು ಕರೆದರು. ಬಿಸಿಲಿಗೆ ಕಾದ ಕಲ್ಲು. ಮೊದಲು ಸಮುದ್ರ ಆರಿತು, ಆಮೇಲೆ ಹೊಳೆ. ಓಣಿ ಆರುವ ಮುನ್ನ ಅವರು ಮತ್ತೆ ಬೆರಳು ಅದ್ದಿದರು.