ಕ್ರೇನಕ್ಕನ ಪಡೆ

ಕ್ರೇನಕ್ಕ ಯಾರನ್ನು ನೋಡಿದರೂ ಮೇಲಿನಿಂದಲೇ ನೋಡುತ್ತಾಳೆ. ಅದು ಗರ್ವವಲ್ಲ, ಕಸುಬು ಕುತ್ತಿಗೆಗೆ ಕಲಿಸಿದ ಬಾಗು. ಎರಕದ ಕಾರ್ಖಾನೆಯ ಸೂರಿಗೆ ಜೋತುಬಿದ್ದ ಕ್ರೇನಿನ ಗೂಡಿನಲ್ಲಿ ಅರ್ಧ ಆಯುಷ್ಯ ಕುಳಿತು, ಕೆಳಗೆ ಕರಗಿದ ಕಬ್ಬಿಣದ ಸುತ್ತ ಓಡಾಡುವ ತಲೆಗಳನ್ನು ಕಾಯುತ್ತಿದ್ದವಳ ಗದ್ದ ಎದೆಗೇ ಅಂಟಿಕೊಂಡಿದೆ. ಬೀದಿಯಲ್ಲಿ ಹೊರಟರೆ ಎದುರಿನವರ ಮುಖಕ್ಕಿಂತ ಮೊದಲು ಪಾದ ಕಾಣುತ್ತದೆ, ಯಾರು ಎಡವಲಿದ್ದಾರೆಂಬುದು ಎಡವುವವರಿಗಿಂತ ಮುಂಚೆ ಇವಳಿಗೆ ಗೊತ್ತಾಗುತ್ತದೆ. ದನಿಯೂ ಆ ಗೂಡಿನದೇ. ಪಕ್ಕದಲ್ಲಿ ಕೂತವರಿಗೂ ಯಂತ್ರಗಳ ಗದ್ದಲ ದಾಟಿಸಿಯೇ ಮಾತನಾಡುತ್ತಾಳೆ.

ಕೆಲಸದಲ್ಲಿ ಅವಳದೊಂದು ನೇಮವಿತ್ತು. ಕೆಳಗೆ ನಿಂತವರೆಲ್ಲ ಸರಿದು ಕೈ ಎತ್ತಿ ತೋರಿಸುವವರೆಗೆ ಕೊಕ್ಕೆ ಮೇಲೇಳುತ್ತಿರಲಿಲ್ಲ. ಮೇಲಧಿಕಾರಿ ಗಡಿಯಾರ ತೋರಿಸಿ ಕುಣಿದರೂ ಇಲ್ಲ. ಮುಷ್ಕರದ ದಿನಗಳಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಕೂತಾಗಲೂ ಅದೇ ಚಾಳಿ. ರಾಜಿಯ ಮಾತು ಬಂದು, ಕಸ ಗುಡಿಸುವವರನ್ನು ಕೈಬಿಟ್ಟರೆ ಮಿಕ್ಕವರಿಗೆಲ್ಲ ಸಂಬಳ ಏರುತ್ತದೆ ಎಂದಾಗ, ಹಾಗಾದರೆ ಏರುವುದು ಬೇಡ ಎಂದು ಕಲ್ಲುಗುಂಡಿನಂತೆ ಕುಳಿತಳು. ನಮ್ಮ ಯೂನಿಯನ್ನಿನ ಮುಂದಾಳುಗಳಿಗೆ ಅವಳು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ, ಉಗುಳಲೂ ಆಗದು, ನುಂಗಲೂ ಆಗದು.

ಕಾರ್ಖಾನೆ ಮುಚ್ಚಿತು, ಯೂನಿಯನ್ ಕಚೇರಿಗೆ ಬೀಗ ಬಿತ್ತು, ಮೊಣಕಾಲು ಕೈಕೊಟ್ಟಿತು. ತಂಗಿಯ ಮನೆಯ ಮಹಡಿಯ ಕೋಣೆ ಸೇರಿದ ಕ್ರೇನಕ್ಕನಿಗೆ, ನರ್ಸಿಂಗ್ ಓದಲು ಹೊರಟ ತಂಗಿಯ ಮಗಳು ತನ್ನ ಹಳೆಯ ಕಂಪ್ಯೂಟರನ್ನೂ ಅದರಲ್ಲಿದ್ದ ಆನ್‌ಲೈನ್ ಆಟವನ್ನೂ ಬಿಟ್ಟುಹೋದಳು. ಮೊದಮೊದಲು, ಕೆಲಸವಿಲ್ಲದವರ ಕೆಲಸ ಎಂದು ಮೂಗು ಮುರಿದವಳು, ತಿಂಗಳೊಪ್ಪತ್ತಿನಲ್ಲಿ ಕಾರ್ಖಾನೆಯ ನೀಲಿ ಕೋಟನ್ನು, ಕಿಡಿ ಸಿಡಿದು ತೋಳೆಲ್ಲ ತೂತಾದ ಅದೇ ಕೋಟನ್ನು, ತೊಟ್ಟು ಗುಂಡಿ ಹಾಕಿಕೊಂಡು ಆಟಕ್ಕೆ ಕೂರತೊಡಗಿದಳು. ಸೆಕೆಯಾಗುವುದಿಲ್ಲವೇ ಎಂದು ತಂಗಿ ಕೇಳಿದರೆ, ಡ್ಯೂಟಿಗೆ ಕೂತವರು ಸೆಕೆ ನೋಡುವುದಿಲ್ಲ ಎನ್ನುತ್ತಾಳೆ.

ಆಟವೆಂದರೆ ಇಷ್ಟು. ಆಡುವವರಿಗೆ ತಮ್ಮದೊಂದು ಪಾತ್ರವಿರುತ್ತದೆ. ಇವಳದು ಕತ್ತಿ ಹಿಡಿದ ನಾಯಕಿ. ಅವಳ ಹಿಂದೆ ಜೊತೆಗಾರರು: ಒಬ್ಬ ಬಿಲ್ಲುಗಾರ, ಮದ್ದು ಕೊಡುವವಳೊಬ್ಬಳು, ಪಂಜು ಹಿಡಿಯುವವನೊಬ್ಬ, ಎಲ್ಲರ ಗಂಟುಮೂಟೆ ಹೊರುವ ಕುಂಟನೊಬ್ಬ. ಇವರನ್ನು ಆಡಿಸುವುದು ಕಂಪ್ಯೂಟರೇ. ಕಾಳಗ ಗೆದ್ದರೆ, ಗಣಿ ಅಗೆದರೆ ಅದಿರು ಸಿಗುತ್ತದೆ. ಅದಿರು ಯಾರಿಗೆ ಹಾಕಿದರೆ ಅವರ ಬಲ ಏರುತ್ತದೆ. ಬುದ್ಧಿಯಿದ್ದವರೆಲ್ಲ ಸಿಕ್ಕಿದ್ದನ್ನು ತಮ್ಮ ಪಾತ್ರಕ್ಕೇ ಸುರಿಯುತ್ತಾರೆ. ಇನ್ನೂ ಬುದ್ಧಿಯಿದ್ದವರು, ಜೊತೆಗಾರನ ಹೆಸರಿನ ಕೆಳಗಿರುವ 'ಕರಗಿಸು' ಎಂಬ ಗುಂಡಿ ಒತ್ತಿ, ಅವನಿಗೆ ಹಾಕಿದ್ದ ಅದಿರನ್ನೂ ಹಿಂದಕ್ಕೆ ಪಡೆಯುತ್ತಾರೆ. ಆಳು ಮಾಯವಾಗುತ್ತಾನೆ, ನಾಯಕನ ಎದೆಗವಚ ಮಿರುಗುತ್ತದೆ.

ಕ್ರೇನಕ್ಕ ಮಾಡಿದ್ದು ತದ್ವಿರುದ್ಧ. ಮೊದಲ ಪಾಲು ಕುಂಟನಿಗೆ, ಆಮೇಲೆ ಮದ್ದಿನವಳಿಗೆ, ಪಂಜಿನವನಿಗೆ, ಬಿಲ್ಲುಗಾರನಿಗೆ. ಹೀಗೆ ಹಂಚುತ್ತ ಹಂಚುತ್ತ ತನ್ನ ನಾಯಕಿಗೆ ಏನೂ ಹಾಕಿಲ್ಲವೆಂಬುದೇ ಅವಳಿಗೆ ಮರೆತುಹೋಯಿತು. ಪಡೆಯೆಲ್ಲ ಉಕ್ಕು ತೊಟ್ಟು ನಿಂತಿದ್ದರೆ, ಒಡತಿ ಮಾತ್ರ ಆಟದ ಮೊದಲ ದಿನ ಪುಕ್ಕಟೆ ಸಿಕ್ಕ ಚರ್ಮದ ಅಂಗಿಯಲ್ಲೇ ಇದ್ದಳು. ಜೀವಮಾನವೆಲ್ಲ ಸಂಘ ಕಟ್ಟಿದವರು ಮಾತ್ರ ಮಾಡಬಲ್ಲ ತಪ್ಪು ಇದು.

ತಪ್ಪು ಬಯಲಾದದ್ದು, ಆಟದಲ್ಲಿ ತಂಡವಾಗಿ ಗೆಲ್ಲಬೇಕಾದ ಕೋಟೆಯ ವಿಷಯ ಬಂದಾಗ. ದೂರದೂರದ ಊರುಗಳಿಂದ ಸಂಜೆ ಹೊತ್ತು ಜೊತೆಯಾಗಿ ಆಡುವವರ ತಂಡವೊಂದರಲ್ಲಿ ಅವಳಿದ್ದಳು. ಕಿವಿಗೆ ಹೆಡ್‌ಫೋನ್ ಏರಿಸಿದರೆ ಅವರ ದನಿಗಳು ಕೇಳುತ್ತವೆ; ಯೂನಿಯನ್ ಹೋದ ಮೇಲೆ 'ಬಂದ್ರಾ ಅಕ್ಕಾ' ಎಂದು ಅವಳನ್ನು ಕೇಳುವ ಜನ ಎಂದರೆ ಇವರೇ. ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವ ಮುಖಂಡ, ಹಗಲು ಕನ್ನಡಕದ ಅಂಗಡಿ ನಡೆಸುವ ತರುಣ, ಭಾನುವಾರ ಮಧ್ಯಾಹ್ನ ಕೋಟೆಯ ಬಾಗಿಲು ತೆರೆಯುತ್ತದೆಂದು ಸಾರಿದ. ಬಾಗಿಲು ನೋಡುವುದು ನಾಯಕರ ಬಲವನ್ನು ಮಾತ್ರ, ಪಡೆಯನ್ನಲ್ಲ. ಬಲ ಸಾಲದವರ ಜಾಗಕ್ಕೆ ಬೇರೆಯವರು ಬರುತ್ತಾರೆ, ಹೊರಗುಳಿದವರು ತಂಡದಿಂದಲೇ ಹೊರಗೆ.

"ಅನಾಥಾಶ್ರಮ ನಡೆಸ್ತಿದೀರಾ ಅಕ್ಕಾ? ಆ ಕುಂಟನ್ನ ಕರಗಿಸಿ ನಿಮ್ಮ ನಾಯಕಿಗೆ ಹಾಕಿ. ಒಂದು ಗುಂಡಿ ಒತ್ತೋದು ಅಷ್ಟೇ," ಎಂದ ಕ್ಯಾಪ್ಟನ್.

"ಕಬ್ಬಿಣ ಕರಗಿಸಿದ ಕಡೆ ದುಡಿದಿದೀನಪ್ಪ," ಎಂದಳು ಕ್ರೇನಕ್ಕ. "ಆಳನ್ನ ಕರಗಿಸಿದ ಕಡೆ ಇಲ್ಲ."

ಆದರೆ ಅವಳು ಹುಂಬಳಲ್ಲ. ಕ್ಯಾಪ್ಟನ್ ಹೇಳಿದ ರೋಗ ಸರಿ, ಮದ್ದು ತಪ್ಪು ಎಂದು ತೀರ್ಮಾನಿಸಿ, ಮರುದಿನ ಬೆಳಗ್ಗೆಯೇ ಪಡೆಯನ್ನೆಲ್ಲ ಕಟ್ಟಿಕೊಂಡು ಆಟದ ಹಳೆಯ ಗಣಿಗೆ ಇಳಿದಳು. ಅಲ್ಲಿ ಸಿಗುವುದು ಹುಡಿ ಅದಿರು; ಹೊಸಬರು ಒಂದು ದಿನ ಅಗೆದು, ಬೇಸತ್ತು, ಮತ್ತೆ ತಿರುಗಿ ನೋಡದ ಜಾಗ. ಬಿಲ್ಲುಗಾರ ಬಾವಲಿ ಹೊಡೆದ, ಪಂಜಿನವನು ದಾರಿ ತೋರಿದ, ಕುಂಟ ಹೊತ್ತ, ನಾಯಕಿ ಅಗೆದಳು. ಈ ಬಾರಿ ಸಿಕ್ಕಿದ್ದೆಲ್ಲ ನಾಯಕಿಗೆ. ತನಗೇ ಬಡಿಸಿಕೊಳ್ಳುವುದು ಅಭ್ಯಾಸವಿಲ್ಲದ ಕೈ ಪ್ರತಿ ಸಲವೂ ಒಂದು ಗಳಿಗೆ ತಡೆಯುತ್ತಿತ್ತು. ವಾರವಿಡೀ ಹೀಗೆ. ಊಟದ ತಟ್ಟೆ ಮಹಡಿಗೇ ಹತ್ತಿತು. ಬೆನ್ನು ಮರಗಟ್ಟಿದಾಗ ಎದ್ದು, ಕಿಟಕಿಯವರೆಗೆ ಕಾಲೆಳೆದು ಹೋಗಿ, ಮತ್ತೆ ಬಂದು ಕುಳಿತಳು.

ತಟ್ಟೆ ಒಯ್ಯಲು ಬಂದ ತಂಗಿಗೆ ನೋಡಿ ನೋಡಿ ಸಾಕಾಯಿತು. "ಅವಕ್ಕೇನು ಜೀವ ಇದೆಯೇನೇ ಅಕ್ಕ? ಬಣ್ಣದ ಬೊಂಬೆಗಳು. ಆ ಗುಂಡಿ ಒತ್ತಿಬಿಡಬಾರ್ದಾ?"

"ಅವಕ್ಕಿಲ್ಲ ಅನ್ನೋದು ನಂಗೂ ಗೊತ್ತು ಕಣೆ," ಎಂದಳು ಪರದೆಯಿಂದ ಕಣ್ಣು ಕೀಳದೆ. "ನನ್ನ ಬೆರಳಿಗೆ ಜೀವ ಇದೆಯಲ್ಲ. ಒಂದ್ಸಲ ಒತ್ತಿದ್ರೆ ಅದಕ್ಕೆ ರೂಢಿಯಾಗಿಬಿಡುತ್ತೆ."

ಭಾನುವಾರ ಬಂತು. ನಾಯಕಿಯ ಬಲ ಏರಿತ್ತು, ಆದರೆ ಬಾಗಿಲು ಕೇಳುವಷ್ಟಲ್ಲ, ಕೂದಲೆಳೆಯಷ್ಟು ಕಡಿಮೆ. ಬಿಲ್ಲುಗಾರನನ್ನೋ ಪಂಜಿನವನನ್ನೋ ಅರ್ಧ ಕರಗಿಸಲು ಬರುವುದಿಲ್ಲ. ಕರಗಿಸಿದರೆ ಇಡೀ ಆಳು. ತಂಡದಲ್ಲಿದ್ದ ಟ್ಯಾಕ್ಸಿ ಓಡಿಸುವವನೊಬ್ಬ, ಈಗಲೂ ಹೊತ್ತಿದೆ, ಒತ್ತಿ ಅಕ್ಕಾ, ನೀವಿಲ್ಲದೆ ಮಜಾ ಇರಲ್ಲ ಎಂದು ಅಂಗಲಾಚಿದ. ಕ್ರೇನಕ್ಕ ಗುಂಡಿಯನ್ನು ನೋಡಿದಳು. ಆಮೇಲೆ ಮೈಕು ಬಾಯಿಗೆ ಹತ್ತಿರ ಎಳೆದುಕೊಂಡು, ತನ್ನ ಬಲ ಸಾಲದೆಂದೂ, ಬೇರೆಯವರನ್ನು ಕರೆದುಕೊಳ್ಳಬೇಕೆಂದೂ, ಎಡಗಡೆಯ ಬುರುಜಿನ ಬಗ್ಗೆ ಹುಷಾರಾಗಿರಬೇಕೆಂದೂ ಎಲ್ಲರಿಗೂ ಕೇಳುವಂತೆ ಹೇಳಿದಳು. ಕೇಳದೆ ಉಳಿಯುವ ದನಿಯೇ ಅದಲ್ಲ. ಅವರು ಕೋಟೆ ಹೊಕ್ಕಂತೆ ಒಂದೊಂದಾಗಿ ದನಿಗಳು ನಿಂತವು. ಬಾಗಿಲು ಮುಚ್ಚಿತು.

ಅವಳಿಲ್ಲದ ತಂಡ ಮುಗ್ಗರಿಸಿತೆಂದು ಹೇಳಿದರೆ ಕೇಳಲು ಹಿತವಾಗಿರುತ್ತದೆ. ಅದು ಮುಗ್ಗರಿಸಲಿಲ್ಲ. ಇಳಿಹೊತ್ತಿಗೆಲ್ಲ ಕೋಟೆ ಗೆದ್ದರು, ಬಾವುಟ ಏರಿಸಿದರು. ಕ್ರೇನಕ್ಕ ಅವರಿಗೆ ಶಾಭಾಸ್ ಎಂದು ಬರೆದು ಕಳಿಸಿದಳು, ಮನಸ್ಸಿಟ್ಟೇ ಬರೆದಳು. ಕಂಪ್ಯೂಟರ್ ಆರಿಸಿ, ಕೋಟು ಕಳಚಿ ಮೊಳೆಗೆ ತೂಗುಹಾಕಿದಳು. ಸೋಮವಾರ ಬೆಳಗ್ಗೆ ಗಣಿಗೆ ಇಳಿದಳು. ಆಟದ ಮುಂದಿನ ಸುತ್ತಿಗೆ ಕೋಟೆ ಮತ್ತೆ ತೆರೆಯುತ್ತದೆ.

ಎರಡು ದಿನ ಬಿಟ್ಟು ಟ್ಯಾಕ್ಸಿಯವನು ಗಣಿಯ ಬಾಯಲ್ಲಿ ಕಾಣಿಸಿಕೊಂಡ. ಮಿರುಗುವ ಕವಚ ತೊಟ್ಟು, ಒಬ್ಬನೇ. ಜೊತೆಗಾರರನ್ನೆಲ್ಲ ಎಂದೋ ಕರಗಿಸಿದ್ದವನಿಗೆ ಈಗ ಆಟದಲ್ಲೇ ಅತಿ ದುರ್ಬಲನಾದ ಆಳೊಬ್ಬನನ್ನು ಹೊಸದಾಗಿ ಸೇರಿಸಿಕೊಂಡು ಬೆಳೆಸುವ ಆಸೆಯಂತೆ. ಮೊದಲು ಏನು ಮಾಡಬೇಕೆಂದು ಕೇಳಿದ. ಅವಳು ಗುದ್ದಲಿ ತೋರಿಸಿದಳು.

ಇಂಥವರನ್ನು ನಾನು ಬೇಕಾದಷ್ಟು ಚಳವಳಿಗಳಲ್ಲಿ ಕಂಡಿದ್ದೇನೆ. ಇವರಿಗೆ ಗೆಲುವಿನ ಗಣಿತ ತಿಳಿಯದೆಂದು ಚುರುಕಿನವರು ಸದಾ ಗೊಣಗುತ್ತಾರೆ. ತಿಳಿಯದೇ ಏನಿಲ್ಲ; ಆದರೆ ಗೆಲುವಿನ ದಿನ ಪಕ್ಕದಲ್ಲಿ ಯಾರಿರುತ್ತಾರೆ ಎಂಬ ಇನ್ನೊಂದು ಗಣಿತವೂ ಇವರ ತಲೆಯಲ್ಲಿ ಓಡುತ್ತಿರುತ್ತದೆ, ಎರಡೂ ತಾಳೆಯಾಗುವವರೆಗೆ ಇವರು ಜಾಗ ಬಿಟ್ಟು ಕದಲುವುದಿಲ್ಲ. ಇವರಿಂದಾಗಿ ಮೆರವಣಿಗೆ ನಿಧಾನವಾಗುತ್ತದೆ, ಮಾತುಕತೆ ಮುರಿಯುತ್ತದೆ, ಕೆಲವು ಗೆಲುವುಗಳು ನಿಜಕ್ಕೂ ಕೈತಪ್ಪುತ್ತವೆ. ಇವರ ಕೈಯಲ್ಲಿ ಯಾವ ಕೋಟೆಯೂ ಬೇಗ ಬೀಳುವುದಿಲ್ಲ. ಬಿದ್ದ ದಿನ ಮಾತ್ರ, ಒಳಗೆ ಹೋಗಲು ಜನ ಇರುತ್ತಾರೆ.